ಮರಿ ಹಾಕಿದ ಗಾಣ

ದಾರಿಗೆ ಹೆಸರಿಲ್ಲದ, ಹೊಳೆಗೆ ಸೇತುವೆಯಿಲ್ಲದ ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನಲ್ಲಿ ತೋಂಟವ್ವ ಎಂಬ ಹೆಂಗಸಿದ್ದಳಂತೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳಿಗಿದ್ದದ್ದು ಒಂದು ಬಂಗಾರದ ಡಾಬು. ಡಾಬು ಎಂದರೆ ಹೆಂಗಸರು ಸೊಂಟಕ್ಕೆ ಕಟ್ಟುವ ಪಟ್ಟಿ. ಆದರೆ ತೋಂಟವ್ವ ಅದನ್ನು ಕಟ್ಟುತ್ತಿರಲಿಲ್ಲ, ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದಳು. ಮುಪ್ಪು ಬಂದು ಕೈಕಾಲು ಸೋತಾಗ ಅದನ್ನು ಮಾರಿ ಉಣ್ಣಬೇಕು, ಬೇರೆ ಯಾರ ಮನೆ ಬಾಗಿಲಲ್ಲೂ ನಿಲ್ಲಬಾರದು ಎಂಬುದು ಅವಳ ಆಸೆ.

ಆ ಊರಿನ ಹೊಲಗಳ ತುಂಬ ಕುಸುಬೆ ಬೆಳೆಯುತ್ತಿತ್ತಂತೆ. ಕುಸುಬೆಯಿಂದ ಎಣ್ಣೆ ಬರುತ್ತದೆ, ಆದರೆ ಎಣ್ಣೆ ತೆಗೆಯಲು ಗಾಣ ಬೇಕು. ಊರಿನಲ್ಲಿ ಗಾಣವಿರಲಿಲ್ಲ. ಹೊಳೆಯಾಚೆಯ ಗೌಡನ ಗಾಣಕ್ಕೆ ಹೊತ್ತುಕೊಂಡು ಹೋಗಬೇಕು. ಗೌಡ ಅರ್ಧ ಎಣ್ಣೆ ತಾನೇ ಇಟ್ಟುಕೊಳ್ಳುತ್ತಿದ್ದ, ಹಿಂಡಿಯನ್ನಂತೂ ಪೂರ್ತಿ ಇಟ್ಟುಕೊಳ್ಳುತ್ತಿದ್ದ. ಹಿಂಡಿ ಎಂದರೆ ಎಣ್ಣೆ ಇಳಿದ ಮೇಲೆ ಉಳಿಯುವ ಗಟ್ಟಿ, ದನಗಳಿಗೆ ಬಲು ಇಷ್ಟ. ಹೀಗಾಗಿ ಕುಸುಬೆ ಬೆಳೆದ ಊರಿನಲ್ಲೇ ಒಲೆಗೆ ಒಗ್ಗರಣೆಯಿಲ್ಲ, ಗೂಡಿಗೆ ದೀಪವಿಲ್ಲ, ಎಮ್ಮೆಗೆ ಹಿಂಡಿಯಿಲ್ಲ.

ಇದನ್ನು ನೋಡಿ ನೋಡಿ ತೋಂಟವ್ವನಿಗೆ ತಡೆಯಲಾಗಲಿಲ್ಲವಂತೆ. ‘ಡಾಬು ಮಾರಿ ಊರಿಗೊಂದು ಗಾಣ ಹಾಕಿಸಿದರೆ?’ ಅಂದುಕೊಂಡಳು. ಮರುಗಳಿಗೆಯಲ್ಲೇ ‘ಹಾಗಾದರೆ ನನ್ನ ಮುಪ್ಪಿಗೆ ಗತಿಯೇನು?’ ಅನ್ನಿಸಿತು. ಎರಡೂ ಬೇಕು, ಊರಿಗೂ ಒಳ್ಳೆಯದಾಗಬೇಕು, ತನಗೂ ಕೂಳು ಬರಬೇಕು. ಇದು ಸರಿಯೋ ತಪ್ಪೋ ತಿಳಿಯಲಿಲ್ಲ.

ಮಠದ ಅಯ್ಯನವರ ಹತ್ತಿರ ಹೋದಳಂತೆ.

“ಹಾಕ್ಸು ತಾಯಿ, ದೊಡ್ಡ ಪುಣ್ಯ. ಆದ್ರ ಆ ಗಾಣದಿಂದ ಒಂದು ಹನಿ ಎಣ್ಣಿ ತಗೊಂಡ್ರೂ ದಾನ ಕೆಡ್ತು ಅಂತ ತಿಳ್ಕೋ” ಅಂದರು ಅಯ್ಯನವರು.

ಹನಿಯೂ ಇಲ್ಲದಿದ್ದರೆ ಉಣ್ಣುವುದೇನು? ತೋಂಟವ್ವ ಅಲ್ಲಿಂದೆದ್ದು ಸಾವುಕಾರ ಮಹಾರುದ್ರಪ್ಪನ ಅಂಗಡಿಗೆ ಹೋದಳಂತೆ.

“ಹಾಕ್ಸವ್ವ, ಭಾರಿ ವ್ಯಾಪಾರ. ಆದ್ರ ಅರ್ಧ ಎಣ್ಣಿ ಬಿಡಬ್ಯಾಡ. ಗೌಡ ಹುಚ್ಚ ಅದಾನೇನು?” ಅಂದ ಸಾವುಕಾರ.

ಅರ್ಧ ತೆಗೆದುಕೊಂಡರೆ ಗೌಡನಿಗೂ ತನಗೂ ವ್ಯತ್ಯಾಸವೇನು? ಹೋಗುವಾಗ ಇದ್ದ ಗೊಂದಲ ಬರುವಾಗ ಇಮ್ಮಡಿಯಾಗಿತ್ತು. ಗೊಂದಲದಲ್ಲೇ ಡಾಬು ಮಾರಿದಳು, ಗೊಂದಲದಲ್ಲೇ ಬಡಿಗನಿಗೆ ಹೇಳಿದಳು, ಗೊಂದಲದಲ್ಲೇ ಎತ್ತು ತಂದಳು. ಹುಣಸೆಮರದ ಗಾಣ ಎದ್ದು ನಿಂತಿತು. ನಡೆಸಲು ಗಾಣಿಗರ ಸಿದ್ರಾಮ ಬಂದ. ಅವನು ಅಲ್ಲಿಯವರೆಗೆ ಗೌಡನ ಗಾಣದಲ್ಲಿ ಕೂಲಿಗಿದ್ದವನು.

ಊರೆಲ್ಲ ನೆರೆದಿತ್ತಂತೆ. ಸಿದ್ರಾಮ ಕೈಮುಗಿದು ಕೇಳಿದ: “ಅವ್ವಾ, ಇದು ದಾನನೋ, ವ್ಯಾಪಾರನೋ? ಒಂದ್ ಮಾತು ಹೇಳಿಬಿಡು.”

ತೋಂಟವ್ವ ನೆರೆದವರ ಮುಖ ನೋಡಿದಳು. ದಾನ ಅಂದರೆ ಉಪವಾಸ, ವ್ಯಾಪಾರ ಅಂದರೆ ನಾಚಿಕೆ. ಏನೂ ತೋಚದೆ, “ಪಾಲಿಗೆ ಕೊಟ್ಟೀನಪ್ಪಾ! ಆಡು ಕೊಟ್ಟಂಗ!” ಅಂದುಬಿಟ್ಟಳು.

“ಹಾಂ, ಪಾಲಿಗೆ! ಪಾಲಿಗೆ!” ಎಂದು ಊರೆಲ್ಲ ತಲೆಯಾಡಿಸಿತಂತೆ.

ಪಾಲಿಗೆ ಕೊಡುವುದೆಂದರೆ ಹೀಗೆ. ಆಡು ಇದ್ದು ಮೇಯಿಸಲಾಗದವರು ಅದನ್ನು ಇನ್ನೊಬ್ಬರಿಗೆ ಸಾಕಲು ಕೊಡುತ್ತಾರೆ. ಹಾಲೆಲ್ಲ ಸಾಕಿದವರಿಗೆ. ಮರಿಗಳು ಮಾತ್ರ ಪಾಲು: ಮೊದಲ ಮರಿ ಕೊಟ್ಟವರಿಗೆ, ಎರಡನೆಯದು ಸಾಕಿದವರಿಗೆ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡುವುದಿಲ್ಲ. ಇದು ಮಗುವಿಗೂ ಗೊತ್ತಿದ್ದ ಪದ್ಧತಿ.

ಗಾಣ ತಿರುಗಿತು. ಊರಿನಲ್ಲಿ ಒಗ್ಗರಣೆ ಚಟಪಟಗುಟ್ಟಿತು, ಗೂಡುಗಳಲ್ಲಿ ದೀಪ ಹತ್ತಿತು, ಎಮ್ಮೆಗಳ ಮೈ ಮಿರಮಿರ ಮಿಂಚಿತು. ಆದರೆ ತೋಂಟವ್ವನ ಮನೆಗೆ ಒಂದು ಸೌಟು ಎಣ್ಣೆಯೂ ಬರಲಿಲ್ಲ. ಇವತ್ತು ತಂದಾರು, ನಾಳೆ ತಂದಾರು ಎಂದು ಕಾದಳು. ಬಾಯಿಬಿಟ್ಟು ಕೇಳಲು ನಾಚಿಕೆ. ಸುಗ್ಗಿ ಬಂತು, ಸುಗ್ಗಿ ಹೋಯಿತು. ಜೋಳದ ಗಡಿಗೆಯ ತಳ ಕಾಣಿಸಿತು. ಒಣರೊಟ್ಟಿ ಮುರಿಯುತ್ತಾ, ‘ನಾನು ದಾನ ಮಾಡಿದೆನೋ, ಮೋಸ ಹೋದೆನೋ?’ ಎಂದು ತನ್ನನ್ನೇ ಕೇಳಿಕೊಂಡಳು.

ಕಡೆಗೆ ಹಸಿವು ನಾಚಿಕೆಯನ್ನು ಗೆದ್ದಿತಂತೆ. ಗಾಣದ ಮನೆಗೆ ಹೋದಳು.

“ಸಿದ್ರಾಮಾ, ನನ್ನ ಪಾಲು?”

ಸಿದ್ರಾಮನ ಮುಖ ಬಾಡಿತು. “ಏನ್ ಹೇಳ್ಲಿ ಅವ್ವಾ, ನಾವೂ ದಿನಾ ನೋಡಾಕತ್ತೀವಿ. ಇನ್ನೂ ಮರಿ ಹಾಕಿಲ್ಲ.”

“ಏನು ಹಾಕಿಲ್ಲ?”

“ಮರಿ. ಎಣ್ಣಿ ಅಂದ್ರ ಹಾಲು, ಅದು ಸಾಕಿದವ್ರಿಗೆ. ನಿನಗ ಬರೂದು ಮರಿ. ನೀನ ಅಂದೀಯಲ್ಲ, ಆಡು ಕೊಟ್ಟಂಗ ಅಂತ?”

ತೋಂಟವ್ವ ಅವನ ಮುಖವನ್ನೇ ನೋಡಿದಳು. ಗೇಲಿ ಮಾಡುತ್ತಿರಲಿಲ್ಲ, ಪಾಪ, ಅವನು ನಿಜವಾಗಿಯೂ ಚಿಂತೆಯಲ್ಲಿದ್ದ. ತಾನು ಆಡಿದ ಮಾತು ತನ್ನನ್ನೇ ಕಟ್ಟಿಹಾಕಿದ್ದು ಅವಳಿಗೆ ಆಗ ತಿಳಿಯಿತು. ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳಂತೆ. “ನಾಳಿಗೆ ಹಿಟ್ಟಿಲ್ಲೋ ತಮ್ಮಾ” ಅಂದಳು.

ಆ ಮಾತು ಕೇಳಿ ಊರೆಲ್ಲ ಓಡಿಬಂತು. ಒಬ್ಬಳು ಹಿಟ್ಟು ತಂದಳು, ಒಬ್ಬಳು ಬೇಳೆ ತಂದಳು. ತೋಂಟವ್ವ ಮುಟ್ಟಲಿಲ್ಲ. “ಭಿಕ್ಷೆ ಬ್ಯಾಡ, ನನ್ನ ಪಾಲು ಬೇಕು” ಅಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ಟ ಮಾತು ಮುರಿಯುವಂತಿಲ್ಲ, ಗಾಣ ಮರಿ ಹಾಕುವಂತಿಲ್ಲ, ಈಗೇನು ಮಾಡುವುದು?

“ಮರಿ ಬೇಕಂದ್ರ ಹೋತ ಬೇಕಲ್ಲೋ! ಗಾಣಕ್ಕ ಹೋತ ಎಲ್ಲಿಂದ ತರೂನು?” ಅಂದ ಒಬ್ಬ ಮುದುಕ. ನಗಬಾರದ ಹೊತ್ತಿನಲ್ಲಿ ಎಲ್ಲರೂ ನಕ್ಕರು.

ನಗದೆ ನಿಂತವಳು ಸಿದ್ರಾಮನ ಹೆಂಡತಿ ನಾಗವ್ವ. “ಹೋತದ ಮಾತು ಇರಲಿ ಅಜ್ಜಾ,” ಅಂದಳು. “ಮೇವು ಹಾಕದಿದ್ರ ಯಾವ ಆಡು ಮರಿ ಹಾಕ್ತದ? ನಾವು ಬರೇ ಹಿಂಡಿಕೊಂಡೀವಿ. ಗಾಣಕ್ಕ ಏನು ತಿನ್ಸೀವಿ?”

ಎಲ್ಲರೂ ಗಾಣದ ಕಡೆ ತಿರುಗಿ ನೋಡಿದರಂತೆ. ನಾಗವ್ವ ಮಾತು ಮುಂದುವರಿಸಿದಳು:

“ಎಣ್ಣಿ ತೆಗ್ಸಿದವ್ರು ಒಂದೊಂದು ಸೌಟು ಇಲ್ಲೇ ಬಿಟ್ಟು ಹೋಗ್ರಿ. ಅದು ಗಾಣದ ಮೇವು. ನಾವೂ ಬಿಡ್ತೀವಿ. ಮರಿ ಹಾಕೂತನಕ ಅವ್ವ ಗಾಣದ ಕಾವಲಿಗೆ ಕೂಡ್ಲಿ, ಕಾವಲಿನವ್ರಿಗೆ ಊಟ ಹಾಕೂದು ನಮ್ಮ ಕೆಲಸ. ಅದು ಭಿಕ್ಷೆ ಅಲ್ಲ.”

ಅಂದಿನಿಂದ ಮನೆಮನೆಯವರೂ ಸೌಟು ಸೌಟು ಬಿಟ್ಟರು. ತೋಂಟವ್ವ ಕಾವಲು ಕೂತಳು. ಸೌಟು ಸೇರಿ ಕೊಡ ತುಂಬಿತು, ಕೊಡ ಸೇರಿ ಬಾನಿ ತುಂಬಿತು. ಸಿದ್ರಾಮ ಅದನ್ನು ಸಂತೆಗೆ ಒಯ್ದು ಮಾರಿದ, ಬಡಿಗನನ್ನು ಕರೆಸಿದ, ಎತ್ತು ತಂದ. ಒಂದು ಬೆಳಗ್ಗೆ ಹಳೆಯ ಗಾಣದ ಪಕ್ಕದಲ್ಲೇ ಹೊಸ ಗಾಣ ನಿಂತಿತ್ತಂತೆ, ಮೈತುಂಬ ಅರಿಶಿನ ಬಳಿದುಕೊಂಡು.

“ಗಾಣ ಮರಿ ಹಾಕ್ತು! ಮೊದಲನೇ ಮರಿ, ತೋಂಟವ್ವನ ಪಾಲು!” ಎಂದು ಊರೆಲ್ಲ ಕೂಗಿತು. ಹಲಗೆವಾದ್ಯ ಬಡಿದುಕೊಂಡು ಹೊಸ ಗಾಣವನ್ನು ಅವಳ ಹಿತ್ತಲಿಗೆ ಸಾಗಿಸಿದರು. ಹೊಳೆಯಾಚೆಯ ಹೆಂಗಸರಿಗೆ ಸುದ್ದಿ ಮುಟ್ಟಿತು. ಗೌಡನ ಗಾಣ ಬಿಟ್ಟು, ಕುಸುಬೆ ಹೊತ್ತು, ಅವರೂ ಸಾಲಾಗಿ ಬಂದರು.

“ನಿನಗೆಷ್ಟು ಬಿಡಬೇಕವ್ವಾ?” ಅಂದರು.

ತೋಂಟವ್ವ ಮತ್ತೆ ತಬ್ಬಿಬ್ಬಾದಳಂತೆ. “ನಾಗವ್ವಾ, ಇದು ದಾನನೋ ವ್ಯಾಪಾರನೋ, ನನಗ ಇನ್ನೂ ತಿಳೀವಲ್ದು!”

“ನನಗೂ ತಿಳೀವಲ್ದು ಅವ್ವಾ. ನಿನಗೊಂದು ಸೌಟು, ಗಾಣದ ಮೇವಿಗೊಂದು ಸೌಟು. ಮುಂದಿನ ಮರಿ ಅವ್ರ ಊರಿಗೆ ಹೋಗ್ಲಿ” ಅಂದಳು ನಾಗವ್ವ.

ತೋಂಟವ್ವ ಸೌಟು ಹಿಡಿದಳು. ಆ ಮಧ್ಯಾಹ್ನ ಬಿಸಿರೊಟ್ಟಿಗೆ ಶೇಂಗಾಪುಡಿ ಹಾಕಿ, ಮೇಲೆ ತನ್ನದೇ ಗಾಣದ ಎಣ್ಣೆ ಸುರಿದುಕೊಂಡು, ಬೆರಳು ನೆಕ್ಕಿ ಉಂಡಳಂತೆ.

ಅವರ ಗಾಣ ಅಲ್ಲಿ ತಿರುಗುತ್ತಲೇ ಇರಲಿ, ನಮ್ಮ ಕಥೆಯ ಎತ್ತಿನ ನೊಗ ಇಲ್ಲಿ ಇಳಿಯಲಿ.