ಬೈದವರಿಗೆ ಮಜ್ಜಿಗೆ

"ಮೇಷ್ಟ್ರೇ, ಜನ ದಂಗೆ ಏಳ್ತಾರೆ ಅಂತ ಆಳೋವನಿಗೆ ಮೊದಲೇ ಗೊತ್ತಾಗೋದು ಹೇಗೆ?"

ಕೇಳಿದವನು ರಂಗಧಾಮ. ಮೂವತ್ತೈದು ವರ್ಷದ ಹಿಂದೆ ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಅದೇ ಕಾಲೇಜಿನ ಪ್ರಿನ್ಸಿಪಾಲ. ಬೇಸಿಗೆ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳಿಗೆಂದು ಐದು ದಿನದ ಶಿಬಿರ ಏರ್ಪಡಿಸಿದ್ದ. ವಿಷಯ, ದಂಗೆಗಳ ಚರಿತ್ರೆ. ಪಾಠ ಹೇಳಲು ನಮ್ಮೆಲ್ಲರ ಕಿವಿ ಹಿಂಡಿದ್ದ ಸಿದ್ದವೀರಯ್ಯ ಮೇಷ್ಟ್ರನ್ನೇ ಕರೆಸಿದ್ದ. ಮೇಷ್ಟ್ರಿಗೆ ಈಗ ಎಂಬತ್ತೈದು. ಮೈಕು ಮುಂದಿಟ್ಟರೆ ಪಕ್ಕಕ್ಕೆ ಸರಿಸುತ್ತಾರೆ.

ಶಿಬಿರಕ್ಕೊಂದು ನಿಯಮವಿತ್ತು. ಪಾಠ ಮುಗಿದ ಮೇಲೆ ಮೇಷ್ಟ್ರೂ ಸೇರಿ ಪ್ರತಿಯೊಬ್ಬರೂ ಶಿಬಿರದ ಬಗ್ಗೆ ಅಭಿಪ್ರಾಯ ಪತ್ರ ಬರೆದುಕೊಡಬೇಕು. ಊಟದ ಮನೆಯ ಬಾಗಿಲಲ್ಲಿ ರಂಗಧಾಮನೇ ನಿಂತು ಅದನ್ನು ಓದಿ ಒಳಗೆ ಬಿಡುತ್ತಿದ್ದ. ಆಮೇಲೆ ತಾನು ಊಟಕ್ಕೆ ಮನೆಗೆ ಹೋಗುತ್ತಿದ್ದ. ಮೊದಲ ದಿನ ಒಬ್ಬರು ಫ್ಯಾನು ತಿರುಗುವುದಿಲ್ಲ ಎಂದು ಬರೆದರು. ಅವರನ್ನು ಆಫೀಸಿಗೆ ಕರೆದು ಅರ್ಧ ಗಂಟೆ ವಿವರಣೆ ಕೇಳಿದ. ಪಾಪ, ಒಳಗೆ ಅವರಿಗೆಂದು ಬಡಿಸಿದ್ದ ಅನ್ನ ಆರಿಹೋಯಿತು. ಎರಡನೆಯ ದಿನದಿಂದ ಎಲ್ಲರೂ ‘ಅತ್ಯುತ್ತಮ’ ಎಂದು ಬರೆದೆವು.

ಅಂದು ನಾಲ್ಕನೆಯ ದಿನ. ಪ್ರಶ್ನೆ ಕೇಳಿದ ರಂಗಧಾಮ ಕೂರಲಿಲ್ಲ.

"ಯಾಕೆ ಕೇಳಿದೆ ಅಂದ್ರೆ ಮೇಷ್ಟ್ರೇ, ನಮ್ಮ ಹಾಸ್ಟೆಲಲ್ಲಿ ಸೋಮವಾರದ ಸಭೆ ನಿಲ್ಲಿಸಿ ವರ್ಷ ಆಯ್ತು. ಮುಂಚೆ ಹುಡುಗರು ವಾರವಾರ ಅಲ್ಲಿ ಕಿರುಚಾಡ್ತಿದ್ದರು. ಈಗ ಒಂದು ದೂರಿಲ್ಲ. ಜೂನಲ್ಲಿ ಬಾಗಿಲು ತೆಗೆದ ಕೂಡಲೇ ಸಭೇನ ಖಾಯಂ ರದ್ದು ಮಾಡ್ತೀನಿ. ಇಷ್ಟು ಶಾಂತವಾಗಿರೋ ಕಡೆ ದಂಗೆಯ ಭಯ ಇಲ್ಲ, ಅಲ್ವೇ?"

ಮೇಷ್ಟ್ರು ಅವನನ್ನು ಕೂರುವಂತೆ ಸನ್ನೆ ಮಾಡಿ ಕತೆ ಹೇಳಿದರು.

ಒಬ್ಬ ಪಾಳೆಯಗಾರ ಇದ್ದ. ಬೆಟ್ಟದ ಮೇಲೆ ಅವನ ಕೋಟೆ, ಕೆಳಗೆ ಕೆರೆ, ಕೆರೆಯ ನೀರಿನಲ್ಲಿ ಬದುಕುವ ಊರು. ಪ್ರತಿ ಬೇಸಿಗೆಯಲ್ಲೂ ಊರವರೆಲ್ಲ ಸೇರಿ ಕೆರೆಯ ಹೂಳು ತೆಗೆಯುತ್ತಿದ್ದರು. ಅಂದು ಪಾಳೆಯಗಾರ ಮಜ್ಜಿಗೆಯ ಹರವಿ ಇಟ್ಟುಕೊಂಡು ಏರಿಯ ಮೇಲೆ ಕೂರುತ್ತಿದ್ದ. ಹೂಳು ಹೊತ್ತು ಏರಿ ಹತ್ತಿದವರು ಬುಟ್ಟಿ ಇಳಿಸಿ, ಅವನ ಮುಖಕ್ಕೇ ಬೈಯಬೇಕು. ಬೈದವರಿಗೆ ಅವನು ತನ್ನ ಕೈಯಾರೆ ಮಜ್ಜಿಗೆ ಹೊಯ್ಯುತ್ತಿದ್ದ. ಬೈಯದವರಿಗೆ ಮಜ್ಜಿಗೆ ಇಲ್ಲ. ಅದು ಅಲ್ಲಿಯ ಪದ್ಧತಿ.

ಒಬ್ಬ ಮುದುಕಿ, ನಿನ್ನ ಕುದುರೆ ನನ್ನ ಅವರೆ ಮೇಯ್ದಿದೆ, ನಿನ್ನ ಮೀಸೆಗೆ ಬೆಂಕಿ ಬೀಳ ಎಂದಳು. ಪಾಳೆಯಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನದಿಂದ ಕುದುರೆಯನ್ನು ಲಾಯದಲ್ಲಿ ಕಟ್ಟಿಸಿದ.

ಅವನು ಸತ್ತು ಮಗ ಪಟ್ಟಕ್ಕೆ ಬಂದ. ಮಗ ರಾಜಧಾನಿಯಲ್ಲಿ ಬೆಳೆದವನು. ಏರಿಯ ಮೇಲೆ ಕೂತು ಬೈಸಿಕೊಳ್ಳುವುದು ಅವನಿಗೆ ಹಿಡಿಸಲಿಲ್ಲ. ಇನ್ನು ಮುಂದೆ ಹೊಗಳಿದವರಿಗೆ ಮಜ್ಜಿಗೆ ಎಂದು ಡಂಗುರ ಸಾರಿಸಿದ. ಮಜ್ಜಿಗೆಗೆ ಶುಂಠಿ, ಕರಿಬೇವು ಹಾಕಿಸಿದ.

ಆ ವರ್ಷ ಕೆರೆಯ ತೂಬಿನ ಮರ ಸೀಳಿತ್ತು. ಹೊಸ ಮರಕ್ಕೆ ಪಾಳೆಯಗಾರನ ಕಾಡಿಗೇ ಹೋಗಬೇಕು. ಅವನ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಕೊಡಲಿ ಹಾಕುವಂತಿಲ್ಲ. ಒಬ್ಬ ರೈತ ಅದನ್ನೇ ಹೇಳಬೇಕೆಂದು ಬುಟ್ಟಿ ಇಳಿಸಿದ. ತೂಬು ಎಂದು ಬಾಯಿ ತೆರೆಯುವಷ್ಟರಲ್ಲಿ ಕಾವಲಿನವನು ಹರವಿಯನ್ನು ಹಿಂದಕ್ಕೆ ಎಳೆದುಕೊಂಡ. ಬಿಸಿಲು ನೆತ್ತಿ ಸುಡುತ್ತಿತ್ತು. ರೈತ ಉಗುಳು ನುಂಗಿದ. ನೀವು ಸೂರ್ಯನಂಥವರು ಎಂದು ಹೊಗಳಿ, ಮಜ್ಜಿಗೆ ಕುಡಿದು ಹೋದ. ಅವನ ಹಿಂದೆ ಬಂದವರಿಗೂ ತೂಬಿನ ಸಂಗತಿ ಗೊತ್ತಿತ್ತು. ಅವರಿಗೂ ಬಾಯಾರಿಕೆಯಾಗಿತ್ತು.

ಎರಡನೆಯ ವರ್ಷ ಸೀಳಿನಲ್ಲಿ ಕೈ ತೂರುವಂತಾಯಿತು. ಹೊಗಳಿಕೆಯೂ ಉದ್ದವಾಗಿ ಹಾಡೇ ಆಯಿತು. ಪಾಳೆಯಗಾರನನ್ನು ಹೊಗಳಿ ಮುಗಿದಾಗ ಅವನ ಕುದುರೆಯನ್ನು ಹೊಗಳಿದರು. ಅದಕ್ಕೂ ಮಜ್ಜಿಗೆ ಸಿಕ್ಕಿತು. ತನ್ನಷ್ಟು ಜನಪ್ರಿಯ ದೊರೆ ಏಳು ಸೀಮೆಯಲ್ಲಿ ಇಲ್ಲ ಎಂದು ಅವನು ಹೆಂಡತಿಗೆ ಹೇಳಿದ.

ಮೂರನೆಯ ವರ್ಷ ತೂಬು ಕಿತ್ತುಹೋಯಿತು. ಒಂದೇ ಮಧ್ಯಾಹ್ನದಲ್ಲಿ ಕೆರೆ ಬರಿದಾಯಿತು. ಬೆಳೆದು ನಿಂತಿದ್ದ ಭತ್ತಕ್ಕೆ ಇನ್ನು ನೀರಿಲ್ಲ. ಕೋಟೆಯೊಳಗೆ ಪಾಳೆಯಗಾರನದೇ ಬಾವಿಯಿತ್ತು, ಅವನಿಗೆ ಏನೂ ಗೊತ್ತಾಗಲಿಲ್ಲ. ಊರವರು ಮರುದಿನ ಬೆಳಗ್ಗೆಯೇ ಗುದ್ದಲಿ, ಕೊಡಲಿ ಹಿಡಿದು ಬೆಟ್ಟ ಹತ್ತಿದರು. ಹತ್ತುವಾಗ ತಮಟೆ ಬಡಿಯುತ್ತ ಅವನ ಹೊಗಳಿಕೆಯ ಹಾಡನ್ನೇ ಹಾಡಿದರು. ಮೂರು ವರ್ಷದಲ್ಲಿ ಅದು ಎಲ್ಲರಿಗೂ ಬಾಯಿಪಾಠವಾಗಿತ್ತು. ಕಾವಲಿನವರು ಸಂತೋಷದಿಂದ ಬಾಗಿಲು ತೆರೆದರು. ಪಾಳೆಯಗಾರ ಮೀಸೆ ತೀಡಿಕೊಂಡು, ಹೊಗಳಿಸಿಕೊಳ್ಳಲು ತಾನಾಗಿಯೇ ಹೊರಗೆ ಬಂದ.

ಹಿಡಿದರು. ಆದರೆ ಹೊಡೆಯಲಿಲ್ಲ. ಕೆರೆಯಂಗಳಕ್ಕೆ ಕರೆತಂದು ತಲೆಯ ಮೇಲೆ ಬುಟ್ಟಿ ಇಟ್ಟರು. ಸಂಜೆಯವರೆಗೂ ಅವನು ಹೂಳು ಹೊತ್ತ. ಏರಿಯ ಮೇಲೆ ಊರವರು ಸಾಲಾಗಿ ಕೂತು, ಮೂರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಬೈದರು. ಬೈಯುತ್ತ ಬೈಯುತ್ತ ಅವರಿಗೇ ನಗು ಬಂತು. ಅಷ್ಟು ಹೊತ್ತಿಗೆ ಊರಿನಲ್ಲಿ ಏನೇನು ಮುರಿದಿದೆ, ಯಾರ ಹೊಲದಲ್ಲಿ ಏನಾಗಿದೆ ಎಂಬುದೆಲ್ಲ ಪಾಳೆಯಗಾರನಿಗೆ ತಿಳಿದಿತ್ತು. ಅವನಿಗೆ ನಿಜವಾಗಿಯೂ ದುಃಖವಾಯಿತು. ಬುಟ್ಟಿ ಇಳಿಸಿ ಆ ಮುದುಕಿಯ ಮುಂದೆ ಕುಸಿದು ಕೂತ.

"ತೂಬು ಸೀಳಿದೆ ಅಂತ ಒಬ್ಬರಾದ್ರೂ ಒಂದು ಮಾತು ಹೇಳಬಾರದಿತ್ತೇನಜ್ಜಿ?"

"ಹೇಳಿದ್ರೆ ಮಜ್ಜಿಗೆ ತಪ್ಪೋಗ್ತಿತ್ತಲ್ಲ, ಬುದ್ಧೀ," ಎಂದಳು ಮುದುಕಿ. ಅವನ ಬೊಗಸೆಗೆ ಮಜ್ಜಿಗೆ ಹೊಯ್ದಳು.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ರಂಗಧಾಮ.

"ಎಂಥ ಪೆದ್ದ ಮೇಷ್ಟ್ರೇ ಅವನು! ಜನರ ಮನಸ್ಸಲ್ಲಿ ಏನಿದೆ ಅಂತ ಆಗಾಗ ಕೇಳಿ ತಿಳ್ಕೋಬೇಕು," ಎಂದು ಕಂಕುಳಲ್ಲಿದ್ದ ಅಭಿಪ್ರಾಯ ಪತ್ರಗಳ ಕಂತೆಯನ್ನು ಎತ್ತಿ ತೋರಿಸಿದ. "ನೋಡಿ, ನಾನು ದಿನಾ ಬರೆಸಿಕೊಳ್ತೀನಿ. ಮೂರು ದಿನದ್ದೂ ಇಲ್ಲಿದೆ."

ಊಟದ ಗಂಟೆ ಹೊಡೆಯಿತು. ಮೇಷ್ಟ್ರು ಊರುಗೋಲು ಹಿಡಿದು ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದರು.

"ಮೂರು ದಿನದಿಂದ ನಿನ್ನ ಸಾಂಬಾರಿಗೆ ಉಪ್ಪಿಲ್ಲ ಕಣೋ ರಂಗಧಾಮ, ನಾನೂ ‘ಅತ್ಯುತ್ತಮ’ ಅಂತಲೇ ಬರೆದು ಉಂಡಿದ್ದೀನಿ."