ಕಾರ್ಮಿನಾ ಬಾಯಿಯ ಹೆಬ್ಬೆಟ್ಟು

ಹತ್ತನೇ ಕ್ಲಾಸಿನ ಕೊನೆಯ ದಿನ. ಹೆಡ್‌ಮಾಸ್ಟರ್ ಫಾದರ್, ವಿದ್ಯಾರ್ಥಿನಿ ಗ್ಲೆನಿಟಾಳ ಸಮಾಜಸೇವೆಯ ಗಂಟೆಗಳ ಲೆಕ್ಕದ ಪುಸ್ತಕವನ್ನು ಗುಮಾಸ್ತರ ಮೇಜಿಗೆ ಎಸೆದರು.

“ಉಳಿದ ಮಕ್ಕಳು ಗುಡಿಸಿದ್ದಾರೆ, ಗಿಡ ನೆಟ್ಟಿದ್ದಾರೆ. ಇವಳು ಪ್ರತಿ ಶನಿವಾರ ವೃದ್ಧಾಶ್ರಮದಲ್ಲಿ ಕಾರ್ಮಿನಾ ಬಾಯಿ ಅನ್ನುವ ಅಜ್ಜಿಯ ಹತ್ತಿರ ಕೂತು ಹರಟಿದ್ದಾಳೆ. ಅದೆಂಥ ಸೇವೆ? ಇಪ್ಪತ್ತು ಗಂಟೆ ಹೊಡೆದುಹಾಕಿ. ಸರ್ಟಿಫಿಕೇಟ್ ಇಲ್ಲ.”

ಗುಮಾಸ್ತರಿಗೆ ಎದುರಾಡಿ ಅಭ್ಯಾಸವಿಲ್ಲ. “ಆಯ್ತು ಫಾದರ್. ಆದರೆ ತಿದ್ದಿದಲ್ಲಿ ಸೇವೆ ಪಡೆದವರ ರುಜು ಬೇಕೂಂತ ನಿಯಮ ಮಾಡಿದ್ದು ನೀವೇ. ಅಜ್ಜಿಯದ್ದು ಹೆಬ್ಬೆಟ್ಟು. ನೀವೇ ಹೋದರೆ ಐದು ನಿಮಿಷದ ಕೆಲಸ.”

ಮೂರು ಗಂಟೆಗೆ ಇಂಕ್ ಪ್ಯಾಡ್ ಹಿಡಿದು ಹೋದ ಫಾದರ್ ಮರಳಿದಾಗ ಇಗರ್ಜಿಯಲ್ಲಿ ಸಂಜೆಯ ಗಂಟೆ ಬಾರಿಸುತ್ತಿತ್ತು. ಪುಸ್ತಕ ಹೋದ ಹಾಗೇ ಬಂದಿತ್ತು.

“ಹೆಬ್ಬೆಟ್ಟು, ಫಾದರ್?”

“ಕೈ ಬಿಟ್ಟರಲ್ಲವಾ ಮಾರಾಯ್ರೆ, ಹೆಬ್ಬೆಟ್ಟು ಒತ್ತುವುದು! ನನ್ನ ಕೈ ಹಿಡಿದು ತನ್ನ ಮದುವೆಯ ಕಥೆ ಶುರು ಮಾಡಿದರು. ಮದುವೆಯ ಹಿಂದಿನ ದಿನ ರೋಸಿನ ಶಾಸ್ತ್ರದಲ್ಲಿ ಮೈಗೆ ಹಚ್ಚಿದ ತೆಂಗಿನ ಹಾಲಿನ ಪರಿಮಳ ಈಗಲೂ ಬರ್ತದಂತೆ. ದಿಬ್ಬಣ ಇನ್ನೂ ಇಗರ್ಜಿ ಮುಟ್ಟಿಲ್ಲ.”

ಗುಮಾಸ್ತರು ಪೆನ್ನು ತೆಗೆದರು. “ನಿಮ್ಮ ಹೆಸರಿಗೆ ಮೂರು ಗಂಟೆ ಬರೆಯಲಾ?”

ಫಾದರ್ ನಗಲಿಲ್ಲ. “ಆ ಹುಡುಗಿಯದ್ದು ಪೂರ್ತಿ ಇರಲಿ.” ಮಕ್ಕಳಿಲ್ಲದ ಅಂಗಳ ನೋಡುತ್ತ ನಿಂತರು. “ಹೊರಡುವಾಗ ಅಜ್ಜಿ ಕೇಳಿದರು, ಶನಿವಾರ ಗ್ಲೆನಿಟಾ ಬರ್ತಾಳಾಂತ. ಶಾಲೆ ಮುಗಿಯಿತು ಅನ್ನಲಿಕ್ಕೆ ಬಾಯಿ ಬರಲಿಲ್ಲ.”

“ಮತ್ತೆ ಏನಂದಿರಿ?”

“ನಾನು ಬರ್ತೇನೆ ಅಂದೆ.”