ಕಲ್ಲಿಲ್ಲದ ಚೀಲ

ಒಂದಾನೊಂದು ಕಾಲದಲ್ಲಿ, ಚೀಲದಲ್ಲಿ ಮನೆಯ ಕಲ್ಲಿಲ್ಲದೆ ಹೊರಟ ಗಂಡಸು ತಿರುಗಿ ಬರೋದಿಲ್ಲ ಅಂತ ಒಂದೂರಿನವರೆಲ್ಲ ನಂಬಿದ್ದರಂತೆ. ಅದು ಸೂಜಿ, ಬಾಚಣಿಗೆ, ಕರಿಮಣಿ ಮಾರೋರ ಊರು. ಸುಗ್ಗಿ ಮುಗಿದು ಗಂಡಸರು ಊರೂರು ಸುತ್ತೋಕೆ ಹೊರಟರೆ, ಹೆಂಡತಿ ಒಂದು ಕಲ್ಲಿಗೆ ಅರಿಶಿನ ಹಚ್ಚಿ ಸರಕಿನ ಅಡಿಗೆ ಇಟ್ಟು ಕಳಿಸಬೇಕು. ಕಲ್ಲು ಮನೆ ಕಡೆ ಎಳೆಯುತ್ತೆ ಅಂತ. ಬಂದ ಮೇಲೆ ಕಲ್ಲೆಲ್ಲಿ ಅಂತ ಕೇಳಬಾರದು, ಕೇಳಿದರೆ ಅಪಶಕುನ. ಈ ನಿಯಮ ಮಾಡಿದ್ದು ಗಂಡಸರು.

ಆ ಊರಲ್ಲಿ ಮೂವರು ಅಣ್ಣತಮ್ಮಂದಿರು, ಅವರಿಗೆ ಮೂವರು ಹೆಂಡಿರು. ದೊಡ್ಡವಳು ಒರಳಿನ ಗುಂಡನ್ನೇ ಗಂಡನ ಚೀಲಕ್ಕೆ ಇಳಿಸಿದಳಂತೆ, ನಡುವಿನವಳು ಒಲೆಯ ಕಲ್ಲು ಕಿತ್ತು ಹಾಕಿದಳಂತೆ, ಕಿರಿಯವಳು ಕೆಂಚಮ್ಮ ಮಾತ್ರ ಕಲ್ಲು ಮುಟ್ಟಲಿಲ್ಲವಂತೆ. ಅವಳ ಗಂಡ ದ್ಯಾಮಣ್ಣನ ಹೆಗಲಿಗೆ ಹಿಂದೆ ಪೆಟ್ಟಾಗಿತ್ತು, ಭಾರ ಹೊತ್ತರೆ ನರಳೋನು. ಆಮೇಲೆ ಅವಳು ತನ್ನ ಹಳೇ ಸೀರೆ ಹರಿದು, ಒಂದು ಹೆಗಲಿಂದ ಎದೆ ಮೇಲೆ ಅಡ್ಡ ಹಾದು ಇನ್ನೊಂದು ಬದಿಯ ಸೊಂಟದಲ್ಲಿ ಕೂರೋ ಚೀಲ ಹೊಲಿದಳಂತೆ. ಒಳಗೆ ಒಂದಿಷ್ಟು ಸೂಜಿ, ಕರಿಮಣಿ, ಸುಣ್ಣದ ಡಬ್ಬಿ, ಹುರಿಹಿಟ್ಟಿನ ಗಂಟು. ಕಲ್ಲಿಲ್ಲ. ದ್ಯಾಮಣ್ಣ ಹಾಕ್ಕೊಂಡು, ಎರಡೂ ಕೈ ಬೀಸಿ ನೋಡಿ, ಏನೂ ಇಲ್ಲದ ಹಾಗಿದೆ ಕಣೇ ಅಂತ ನಕ್ಕು ಹೊರಟನಂತೆ.

ಅಣ್ಣಂದಿರಿಬ್ಬರೂ ಮಳೆಗೆ ಮೊದಲೇ ಬಂದರು. ದ್ಯಾಮಣ್ಣ ಬರಲಿಲ್ಲ. ಗಂಡನ್ನ ಗಾಳಿಗೆ ಬಿಟ್ಟೆಯಲ್ಲೇ ತಾಯಿ ಅಂದಳಂತೆ ದೊಡ್ಡ ವಾರಗಿತ್ತಿ. ನಿನಗೆ ಒಂದು ಕಲ್ಲಿಗೂ ಬರ ಬಂತೇನೇ ಅಂದಳಂತೆ ನಡುವಿನವಳು.

ಮಳೆಗಾಲ ಬಂತು, ಕೆಂಚಮ್ಮ ಅವನ ಕಂಬಳಿಯನ್ನ ಒಲೆ ಮುಂದೆ ಒಣಗಿಸಿ ಮಡಿಸಿಟ್ಟಳು. ಚಳಿಗಾಲ ಬಂತು, ಸಂಜೆ ಅವನ ಕಾಲಿಗೆ ಅಂತ ಒಂದು ಚೆಂಬು ನೀರು ಹೆಚ್ಚು ಕಾಯಿಸಿ, ಅದು ಆರೋ ತನಕ ಬಾಗಿಲಲ್ಲಿ ನಿಂತಳು. ಬೇಸಿಗೆ ಬಂತು, ಅಂಗಳದಲ್ಲಿ ಚಾಪೆ ಹಾಸಿ, ಅವನ ಜಾಗ ಬಿಟ್ಟು ಅಂಚಿಗೆ ಮಲಗಿದಳು.

ಆಮೇಲೆ ತಡೀಲಾರದೆ, ತಪ್ಪು ತನ್ನದೇ ಅಂದ್ಕೊಂಡು, ಒಂದು ಕಲ್ಲಿಗೆ ಅರಿಶಿನ ಹಚ್ಚಿ ಬಗಲಿಗೆ ಕಟ್ಟಿಕೊಂಡು, ಅವನಿರೋ ಕಡೆ ಮುಟ್ಟಿಸ್ತೀನಿ ಅಂತ ಹೊರಟಳಂತೆ. ಆ ಊರಿನ ಹೆಂಗಸರು ಯಾರೂ ದಾಟಿರದ ಗುಡ್ಡ ಹತ್ತಿ ಇಳಿಯೋ ಹೊತ್ತಿಗೆ ಹೆಗಲು ಕಿತ್ತು ಬಂದು, ದಾರಿ ಬದಿಯ ಕಲ್ಲುರಾಶಿ ಮೇಲೆ ಕುಸಿದು ಕೂತಳಂತೆ. ಎದುರಿಂದ ಯಾರೋ ಬರ್ತಿದ್ದರು. ಅವಳಿಗೆ ಮೊದಲು ಕಂಡದ್ದು ತನ್ನ ಸೀರೆಯ ಅಂಚು, ಆಮೇಲೆ ಗಂಡ.

ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಬೈದು ಅತ್ತಳಂತೆ. ಚೀಲ ಹಗುರ ಇತ್ತು ಕಣೇ, ನಡೀತಾ ನಡೀತಾ ಸಮುದ್ರದ ತನಕ ಹೋಗಿಬಿಟ್ಟೆ, ಹೋದಷ್ಟೇ ದೂರ ವಾಪಸ್ಸೂ ನಡೀಬೇಕಲ್ಲ ಅಂತ ದ್ಯಾಮಣ್ಣ ಚೀಲದಿಂದ ಒಂದು ಕಪ್ಪೆಚಿಪ್ಪು ತೆಗೆದು ಅವಳ ಕೈಗಿಟ್ಟನಂತೆ. ಇದೇನೇ ನಿನ್ನ ಬಗಲಲ್ಲಿ ಅಂದನಂತೆ. ಕಲ್ಲು, ನಿನ್ನ ಕರೆಸೋಕೆ ಅಂದಳಂತೆ. ಅವನು ನಗಲಿಲ್ಲ, ಕಲ್ಲಿಳಿಸಿ ಅವಳ ಹೆಗಲು ನೀವಿದನಂತೆ. ಇಬ್ಬರೂ ಮನೆಗೆ ಬಂದು ಸುಖವಾಗಿದ್ದರಂತೆ. ಅಲ್ಲಿಗೆ ಕತೆ ಮಲಗಿತು, ನೀನೂ ಮಲಗು ಪುಟ್ಟಿ.

ಆ ಕಲ್ಲುರಾಶಿ ಯಾರದ್ದಾ? ಅದರ ಮೇಲ್ಗಡೆಯೇ ದೊಡ್ಡ ವಾರಗಿತ್ತಿಯ ಒರಳುಗುಂಡಿತ್ತು, ಪಕ್ಕದಲ್ಲಿ ನಡುವಿನವಳ ಒಲೆಕಲ್ಲು. ತಿರುಗಿ ಬಂದ ಗಂಡಸರ ಕಲ್ಲೆಲ್ಲ ಅಲ್ಲೇ ಇದ್ದವಂತೆ.